ಮಾತ್ರೆಯ ಹಿಂದಿರುವ ಜರಡಿ

ಸೊರಬ ತಾಲ್ಲೂಕಿನ ಉಳವಿಯ ಕಡೆಯ ಮನೆಗಳಲ್ಲಿ ಅಕ್ಕಿಯನ್ನು ಹಸನುಮಾಡುವ ಕ್ರಮವು ಮಲೆನಾಡಿನವರೆಲ್ಲರಿಗೂ ಪರಿಚಿತವಾದುದೇ. ಮೊದಲು ಮೊರದಲ್ಲಿ ಕೇರಿ ಹೊಟ್ಟನ್ನು ಹಾರಿಸುವರು. ಅನಂತರ ಜರಡಿ ಹಿಡಿದು ನುಚ್ಚನ್ನೂ ತೌಡನ್ನೂ ಕೆಳಗೆ ಇಳಿಸುವರು. ಇಡಿಯ ಅಕ್ಕಿಯು ಮೇಲೆ ನಿಲ್ಲುವುದು. ಮೊರ, ಜರಡಿ ಇವೆರಡೂ ಬೇರ್ಪಡಿಸುವ ಸಾಧನಗಳೇ ಆದರೂ ಅವುಗಳ ತತ್ತ್ವಗಳು ಬೇರೆ ಬೇರೆ. ಮೊರವು ಹಗುರವಾದುದನ್ನು ಭಾರವಾದುದರಿಂದ ಗಾಳಿಯ ನೆರವಿನಿಂದ ಬಿಡಿಸುತ್ತದೆ. ಜರಡಿಯಾದರೋ ತೂಕವನ್ನು ಗಣಿಸುವುದಿಲ್ಲ. ಕಣದ ಗಾತ್ರವೊಂದನ್ನೇ ನೋಡುತ್ತದೆ. ತನ್ನ ಕಣ್ಣಿಗಿಂತ ಚಿಕ್ಕದನ್ನು ಬಿಡುತ್ತದೆ, ದೊಡ್ಡದನ್ನು ತಡೆಯುತ್ತದೆ.

ಇಷ್ಟು ಸರಳವಾದ ಈ ಸಾಧನವೇ ಔಷಧದ ಕಾರ್ಖಾನೆಯಲ್ಲಿಯೂ ಒಂದು ಮುಖ್ಯ ಸ್ಥಾನವನ್ನು ಪಡೆದಿದೆ ಎಂದರೆ ಓದುಗರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ನಾವು ಜ್ವರ ಬಂದಾಗ ನುಂಗುವ ಪ್ರತಿಯೊಂದು ಮಾತ್ರೆಯೂ ಮಾತ್ರೆಯಾಗುವುದಕ್ಕೆ ಮುಂಚೆ ಹಲವು ಸಲ ಜರಡಿಯನ್ನು ದಾಟಿ ಬಂದುದಾಗಿರುತ್ತದೆ. ಆ ಜರಡಿಯನ್ನು ಆರಿಸುವುದು ಹೇಗೆ, ಆರಿಸುವುದರಲ್ಲಿ ತಪ್ಪಿದರೆ ಆಗುವ ಕೇಡೇನು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಮಾತ್ರೆಯ ತೂಕಕ್ಕೇಕೆ ಇಷ್ಟು ಮಹತ್ತ್ವ?

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರನ್ನು ಇಂದು ಪ್ರಪಂಚದ ವೈದ್ಯರೆಲ್ಲರೂ ಬಲ್ಲರು. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಅದರೊಡನೆಯೇ ಜನರಲ್ಲಿಯೂ ತೀವ್ರವಾದ ಜ್ವರ ಕಾಣಿಸಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪರೀಕ್ಷಿಸಿ, ಇದು ಉಣುಗುಗಳ ಕಡಿತದಿಂದ ಹರಡುವ ಹೊಸದೊಂದು ವೈರಸ್ಸಿನ ಕೆಲಸವೆಂದು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎಂದು ಕರೆಯುವುದು ಇದನ್ನೇ. ಆ ವೈರಸ್ಸನ್ನೇ ನಾಶಮಾಡುವ ನಿಶ್ಚಿತವಾದ ಔಷಧವು ಇಂದಿಗೂ ನಮ್ಮ ಕೈಗೆ ಬಂದಿಲ್ಲ. ರೋಗಿಯ ಜ್ವರವನ್ನು ಇಳಿಸುವುದು, ದೇಹದ ನೀರಿನಂಶವನ್ನು ಕಾಪಾಡುವುದು, ರಕ್ತಸ್ರಾವವಾಗದಂತೆ ನೋಡಿಕೊಳ್ಳುವುದು, ಇವೇ ಚಿಕಿತ್ಸೆಯ ಆಧಾರಗಳು. ಆಸ್ಪಿರಿನ್ ರಕ್ತಸ್ರಾವಕ್ಕೆ ಎಡೆಗೊಡುವುದರಿಂದ ಅದನ್ನು ಇಂಥ ಜ್ವರಗಳಲ್ಲಿ ವರ್ಜಿಸಿ, ವೈದ್ಯರು ಪ್ಯಾರಾಸಿಟಮಾಲನ್ನು ಆಶ್ರಯಿಸುತ್ತಾರೆ.

ಆದರೆ ಪ್ಯಾರಾಸಿಟಮಾಲಿಗೂ ಒಂದು ಎಲ್ಲೆಯಿದೆ. ವಯಸ್ಕರಿಗೆ ದಿನವೊಂದಕ್ಕೆ 4 ಗ್ರಾಂ ಎಂಬುದು ಸಾಮಾನ್ಯವಾಗಿ ಅಂಗೀಕೃತವಾದ ಮೇರೆ. ಮೇರೆಯನ್ನು ಮೀರಿದಷ್ಟೂ ಪಿತ್ತಜನಕಾಂಗಕ್ಕೆ ಅಪಾಯವು ಹೆಚ್ಚುತ್ತದೆ. ತೀರ ಕಡಮೆಯಾದರೆ ಜ್ವರ ಇಳಿಯದು. ಹೀಗಿರುವಾಗ, 500 ಮಿಲಿಗ್ರಾಂ ಎಂದು ಮೇಲೆ ಅಚ್ಚಾದ ಮಾತ್ರೆಯಲ್ಲಿ ನಿಜವಾಗಿಯೂ ಅಷ್ಟು ಔಷಧವಿರಬೇಕಾದುದು ಅತ್ಯಾವಶ್ಯಕ. ರೋಗಿಯಾಗಲಿ ವೈದ್ಯನಾಗಲಿ ಮಾತ್ರೆಯನ್ನು ತೂಗಿ ನೋಡುವುದಿಲ್ಲ. ಕಾರ್ಖಾನೆಯವರ ಮಾತನ್ನು ನಂಬುತ್ತಾರೆ. ಆ ನಂಬಿಕೆಯನ್ನು ಕಾಯುವ ಸಾಧನಗಳಲ್ಲಿ ಜರಡಿಯೂ ಒಂದು.

ಪುಡಿಯೇಕೆ ಹರಳಾಗಬೇಕು?

ಮಾತ್ರೆಯನ್ನು ಒತ್ತುವ ಯಂತ್ರವು ಗಂಟೆಗೆ ಸಾವಿರಾರು, ದೊಡ್ಡದಾದರೆ ಲಕ್ಷಗಟ್ಟಲೆ ಮಾತ್ರೆಗಳನ್ನು ಹೊರಗೆಡವುತ್ತದೆ. ಇಷ್ಟು ವೇಗದಲ್ಲಿ ಒಂದೊಂದು ಮಾತ್ರೆಯ ಪುಡಿಯನ್ನೂ ತೂಗಿ ಹಾಕುವುದು ಸಾಧ್ಯವಿಲ್ಲ. ಆದ್ದರಿಂದ ಯಂತ್ರವು ತೂಗುವುದಿಲ್ಲ; ಅಳೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಅಕ್ಕಿಯನ್ನು ಸೇರು ಪಾವುಗಳಲ್ಲಿ ಅಳೆಯುತ್ತಿದ್ದಂತೆ, ಉಕ್ಕಿನ ಅಚ್ಚಿನ ಕುಳಿಯೊಂದು ತುಂಬಿ, ಮೇಲುಭಾಗವು ಸವರಲ್ಪಟ್ಟು, ಒಳಗಿರುವುದು ಎರಡು ಉಕ್ಕಿನ ಕಡ್ಡಿಗಳ ನಡುವೆ ಒತ್ತಲ್ಪಡುತ್ತದೆ. ಕುಳಿಯ ಗಾತ್ರವು ಸ್ಥಿರ. ಆದಕಾರಣ ಅದರೊಳಗೆ ಬೀಳುವ ವಸ್ತುವಿನ ಸಾಂದ್ರತೆಯೂ ಸ್ಥಿರವಾಗಿದ್ದರೆ ಮಾತ್ರ ತೂಕವು ಸ್ಥಿರವಾಗಿರುವುದು.

ಲೆಕ್ಕವೊಂದನ್ನು ನೋಡೋಣ. ಅಚ್ಚಿನ ಕುಳಿಯು 1.16 ಘನ ಸೆಂಟಿಮೀಟರ್ ಇದೆಯೆಂದೂ, ತುಂಬುವ ಮಿಶ್ರಣದ ಸಾಂದ್ರತೆಯು ಘನ ಸೆಂಟಿಮೀಟರಿಗೆ 0.50 ಗ್ರಾಂ ಎಂದೂ ಇಟ್ಟುಕೊಳ್ಳೋಣ. ಮಾತ್ರೆಯ ತೂಕ 580 ಮಿ.ಗ್ರಾಂ, ಅದರಲ್ಲಿ 500 ಮಿ.ಗ್ರಾಂ ಔಷಧ, ಉಳಿದುದು ಪಿಷ್ಟ ಮೊದಲಾದ ಪೂರಕಗಳು. ಈಗ ಹರಳುಗಳ ನಡುವಣ ಬಿಡುವುಗಳಲ್ಲಿ ನಯವಾದ ಪುಡಿಯು ಸೇರಿಕೊಂಡು ಸಾಂದ್ರತೆಯು 0.56ಕ್ಕೆ ಏರಿತೆಂದರೆ, ಅದೇ ಕುಳಿಯಲ್ಲಿ ಸುಮಾರು 650 ಮಿ.ಗ್ರಾಂ ಹಿಡಿಯುವುದು, ಔಷಧವು 560 ಮಿ.ಗ್ರಾಂ ಆಗುವುದು. ದಿನಕ್ಕೆ ಎಂಟು ಮಾತ್ರೆಗಳನ್ನು ನುಂಗುವ ರೋಗಿಯು 4 ಗ್ರಾಂ ಎಂದುಕೊಂಡು ಸುಮಾರು ನಾಲ್ಕೂವರೆ ಗ್ರಾಂ ನುಂಗಿದಂತಾಯಿತು. ಅದಕ್ಕೆ ಪ್ರತಿಯಾಗಿ ಸಾಂದ್ರತೆಯು 0.45ಕ್ಕೆ ಇಳಿದರೆ ಮಾತ್ರೆಯ ತೂಕವು 522 ಮಿ.ಗ್ರಾಂ, ಔಷಧವು 450 ಮಿ.ಗ್ರಾಂ ಮಾತ್ರ.

1955ರಲ್ಲಿ ಮೊದಲು ಪ್ರಕಟವಾಗಿ ಅಂದಿನಿಂದ ಪರಿಷ್ಕೃತವಾಗುತ್ತ ಬಂದಿರುವ ಭಾರತೀಯ ಔಷಧ ಸಂಹಿತೆಯು ಇದಕ್ಕೆ ಕಟ್ಟುನಿಟ್ಟಾದ ಪರೀಕ್ಷೆಯೊಂದನ್ನು ವಿಧಿಸಿದೆ. 20 ಮಾತ್ರೆಗಳನ್ನು ಒಂದೊಂದಾಗಿ ತೂಗಬೇಕು. ಸರಾಸರಿ ತೂಕವು 250 ಮಿ.ಗ್ರಾಂ ಅಥವಾ ಹೆಚ್ಚಾಗಿದ್ದರೆ, ಸರಾಸರಿಯಿಂದ ನೂರಕ್ಕೆ 5ಕ್ಕಿಂತ ಹೆಚ್ಚಾಗಿ ತಪ್ಪುವ ಮಾತ್ರೆಗಳು ಎರಡನ್ನು ಮೀರಕೂಡದು. ನೂರಕ್ಕೆ 10ಕ್ಕಿಂತ ಹೆಚ್ಚಾಗಿ ತಪ್ಪುವುದು ಒಂದೂ ಇರಕೂಡದು. ಸರಾಸರಿ ತೂಕವು 580 ಮಿ.ಗ್ರಾಂ ಆಗಿರುವ ಮಾತ್ರೆಗಳಲ್ಲಿ 18ಕ್ಕೆ ಕಡಮೆಯಿಲ್ಲದಷ್ಟು 551ರಿಂದ 609 ಮಿ.ಗ್ರಾಂಗಳ ಒಳಗಿರಬೇಕೆಂದು ಇದರ ಅರ್ಥ.

ನಯವಾದ ಒಣ ಪುಡಿಯು ಸರಾಗವಾಗಿ ಹರಿಯದು. ಕಣಗಳು ಒಂದಕ್ಕೊಂದು ಅಂಟಿಕೊಂಡು, ಯಂತ್ರದ ಆಲಿಕೆಯಲ್ಲಿ ಕಮಾನಿನಂತೆ ಕಟ್ಟಿಕೊಂಡು ನಿಲ್ಲುವುವು. ಅಕ್ಕಿಹಿಟ್ಟು ಸುರಿಯುವ ರೀತಿಗೂ ರವೆಯು ಸುರಿಯುವ ರೀತಿಗೂ ಇರುವ ಭೇದವನ್ನು ಎಲ್ಲರೂ ಕಂಡಿದ್ದೇವೆ. ಆದ್ದರಿಂದಲೇ ಹಿಟ್ಟಿನಂಥ ಔಷಧವನ್ನು ರವೆಯಂಥ ಹರಳುಗಳನ್ನಾಗಿ ಮಾಡಿಕೊಳ್ಳುವರು. ಅದರ ಕ್ರಮವು ಅಡಿಗೆಯ ಮನೆಯದನ್ನೇ ಹೋಲುತ್ತದೆ. ಶಿಕಾರಿಪುರದ ಹೊಲಗಳಲ್ಲಿ ಬೆಳೆಯುವಂಥ ಮೆಕ್ಕೆಜೋಳದಿಂದ ತೆಗೆದ ಪಿಷ್ಟವನ್ನು ನೀರಿನಲ್ಲಿ ಕಾಯಿಸಿ ಗಂಜಿಯನ್ನು ಮಾಡುವರು. ಔಷಧದ ಪುಡಿಗೆ ಈ ಗಂಜಿಯನ್ನು ಸೇರಿಸಿ ಕಲಸುವರು. ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಿ, ಬೆರಳಿನಿಂದ ಮುರಿದರೆ ಪುಡಿಯಾಗದೆ ಹೋಳಾಗುವ ಹದಕ್ಕೆ ಬಂದಾಗ ಅದನ್ನು ದೊಡ್ಡ ಕಣ್ಣಿನ ಜರಡಿಯ ಮೂಲಕ ಒತ್ತಿ ಹೊರಡಿಸುವರು. ಆ ಹಸಿಯ ಹರಳುಗಳನ್ನು ಬಿಸಿಗಾಳಿಯಲ್ಲಿ ಒಣಗಿಸಿ, ಮತ್ತೊಮ್ಮೆ ಜರಡಿ ಹಿಡಿದು, ಜಾರುವಿಕೆಗಾಗಿ ಮೆಗ್ನೀಸಿಯಮ್ ಸ್ಟಿಯರೇಟಿನಂಥ ಪುಡಿಯನ್ನು ಸ್ವಲ್ಪ ಬೆರಸಿ ಯಂತ್ರಕ್ಕೆ ಕೊಡುವರು.

ಜರಡಿಯ ನಾಲ್ಕು ಕೆಲಸಗಳು

ಹೀಗೆ ಒಂದೇ ಕಾರ್ಖಾನೆಯಲ್ಲಿ ಜರಡಿಗೆ ನಾಲ್ಕು ಬೇರೆ ಬೇರೆ ಕೆಲಸಗಳಿರುವುವು. ಮೊದಲನೆಯದು ಕಾವಲಿನ ಕೆಲಸ: ಚೀಲದಿಂದ ಬಂದ ಕಚ್ಚಾವಸ್ತುವಿನಲ್ಲಿ ಗಂಟು, ದಾರ, ಕಸ ಇದ್ದರೆ ತಡೆಯುವುದು. ಎರಡನೆಯದು ರೂಪ ಕೊಡುವ ಕೆಲಸ: ಕಲಸಿದ ಮುದ್ದೆಯನ್ನು ಹರಳಾಗಿಸುವುದು. ಮೂರನೆಯದು ವಿಂಗಡಿಸುವ ಕೆಲಸ: ಒಣಗಿದ ಹರಳುಗಳಲ್ಲಿ ಅತಿ ದೊಡ್ಡದನ್ನೂ ಅತಿ ನಯವಾದುದನ್ನೂ ಬೇರ್ಪಡಿಸುವುದು. ನಾಲ್ಕನೆಯದು ಬಿಡಿಸುವ ಕೆಲಸ: ಕೊನೆಯಲ್ಲಿ ಬೆರಸುವ ಜಾರುಪುಡಿಯ ಗಂಟುಗಳನ್ನು ಒಡೆಯುವುದು. ಇವುಗಳಲ್ಲಿ ಯಾವ ಕೆಲಸಕ್ಕಾಗಿ ಎಂಬುದನ್ನು ನಿರ್ಧರಿಸದೆ ಜರಡಿಯನ್ನು ಕೊಳ್ಳಹೊರಟವನು, ಸೌದೆ ಸೀಳುವುದಕ್ಕೋ ತರಕಾರಿ ಹೆಚ್ಚುವುದಕ್ಕೋ ತಿಳಿಯದೆ ಕತ್ತಿಯನ್ನು ಕೊಂಡವನಂತಾಗುವನು.

ಕಣ್ಣಿನ ಲೆಕ್ಕ

ಜರಡಿಯನ್ನು ಸಾಮಾನ್ಯವಾಗಿ ಮೆಶ್ ಸಂಖ್ಯೆಯಿಂದ ಗುರುತಿಸುವರು. ಒಂದು ಅಂಗುಲ, ಎಂದರೆ 25.4 ಮಿ.ಮೀ. ಉದ್ದದಲ್ಲಿ ಎಷ್ಟು ಕಣ್ಣುಗಳಿವೆಯೆಂಬುದೇ ಮೆಶ್ ಸಂಖ್ಯೆ. ಸಂಖ್ಯೆ ಹೆಚ್ಚಿದಂತೆ ಕಣ್ಣು ಕಿರಿದಾಗುವುದು. ಆದರೆ ಈ ಸಂಖ್ಯೆಯೊಂದನ್ನೇ ನಂಬುವುದು ಅಪಾಯಕರ.

20 ಮೆಶ್ ಜರಡಿಯಲ್ಲಿ ಒಂದು ಕಣ್ಣೂ ಒಂದು ತಂತಿಯೂ ಸೇರಿ 25.4 ÷ 20 = 1.27 ಮಿ.ಮೀ. ಆಗುವುದು. ತಂತಿಯ ದಪ್ಪ 0.42 ಮಿ.ಮೀ. ಆದರೆ ಕಣ್ಣು 0.85 ಮಿ.ಮೀ. ಇರುವುದು. ತಂತಿಯು ತೆಳ್ಳಗಾಗಿ 0.27 ಮಿ.ಮೀ. ಆದರೆ ಕಣ್ಣು 1.00 ಮಿ.ಮೀ. ಆಗುವುದು. ಎರಡೂ 20 ಮೆಶ್ ಜರಡಿಗಳೇ! ತೆರೆದ ಭಾಗವನ್ನು ಲೆಕ್ಕಹಾಕಿದರೆ, ಮೊದಲನೆಯದರಲ್ಲಿ (0.85 ÷ 1.27)ರ ವರ್ಗ, ಎಂದರೆ ನೂರಕ್ಕೆ 45; ಎರಡನೆಯದರಲ್ಲಿ ನೂರಕ್ಕೆ 62. ತೆಳುತಂತಿಯ ಜರಡಿಯು ಬೇಗ ಜಾಲಿಸುತ್ತದೆ, ಆದರೆ ಬೇಗ ಹರಿಯುತ್ತದೆ. ದಪ್ಪತಂತಿಯದು ಬಾಳುತ್ತದೆ, ಆದರೆ ನಿಧಾನ. ಆದ್ದರಿಂದ ತಿಳಿದವರು ಮೆಶ್ ಸಂಖ್ಯೆಯೊಡನೆ ಕಣ್ಣಿನ ಅಳತೆಯನ್ನೂ ತಂತಿಯ ದಪ್ಪವನ್ನೂ ಬರೆದುಕೊಟ್ಟು ಜರಡಿಯನ್ನು ತರಿಸುವರು. ಪರೀಕ್ಷೆಯ ಜರಡಿಗಳಿಗಾಗಿ ನಮ್ಮ ದೇಶದಲ್ಲಿ 460ನೆಯ ಸಂಖ್ಯೆಯ ಭಾರತೀಯ ಮಾನಕವಿದೆ. ಅದೂ ಕಣ್ಣಿನ ಅಳತೆಯನ್ನೇ ಹಿಡಿದು ಹೇಳುತ್ತದೆ.

ಕಣ್ಣಿಗಿಂತ ಚಿಕ್ಕದಾದ ಕಣವೆಲ್ಲವೂ ಒಡನೆಯೇ ಕೆಳಗಿಳಿಯುವುದೆಂದು ಭಾವಿಸಬಾರದು. ಕಣವೊಂದು ಜರಡಿಯ ಮೇಲೆ ನೇರವಾಗಿ ಬಿದ್ದಾಗ, ತಂತಿಯನ್ನು ಮುಟ್ಟದೆ ಹಾಯ್ದುಹೋಗುವ ಸಂಭವವನ್ನು ಸುಲಭವಾಗಿ ಗಣಿಸಬಹುದು. ಕಣ್ಣಿನ ಅಳತೆಯಿಂದ ಕಣದ ವ್ಯಾಸವನ್ನು ಕಳೆದು, ಕಣ್ಣು ಮತ್ತು ತಂತಿಗಳ ಮೊತ್ತದಿಂದ ಭಾಗಿಸಿ, ವರ್ಗ ಮಾಡಬೇಕು. ಮೊದಲು ಹೇಳಿದ 0.85 ಮಿ.ಮೀ. ಕಣ್ಣಿನ ಜರಡಿಯಲ್ಲಿ 0.40 ಮಿ.ಮೀ. ವ್ಯಾಸದ ಕಣಕ್ಕೆ ಈ ಸಂಭವವು (0.45 ÷ 1.27)ರ ವರ್ಗ, ಎಂದರೆ ಎಂಟರಲ್ಲಿ ಒಂದು. 0.80 ಮಿ.ಮೀ. ವ್ಯಾಸದ ಕಣಕ್ಕಾದರೋ (0.05 ÷ 1.27)ರ ವರ್ಗ, ಎಂದರೆ 645ರಲ್ಲಿ ಒಂದು! ಗಾತ್ರವು ಎರಡು ಮಡಿಯಾದಾಗ ಅವಕಾಶವು ಎಂಬತ್ತು ಮಡಿ ಕುಗ್ಗಿತು. ಕಣ್ಣಿಗೆ ಸಮೀಪದ ಗಾತ್ರದ ಕಣಗಳೇ ಜರಡಿಗೆ ನಿಜವಾದ ತೊಡಕು. ಅವುಗಳಿಗೆ ನೂರಾರು ಸಲ ಅವಕಾಶ ದೊರೆಯುವಂತೆ ಮಾಡುವುದಕ್ಕಾಗಿಯೇ ಜರಡಿಯನ್ನು ಆಡಿಸಬೇಕಾಗಿದೆ. ಆಡಿಸುವ ವಿಧಾನಗಳ ಭೇದವೇ ಯಂತ್ರಗಳ ಭೇದ.

ಯಂತ್ರಗಳ ಪರಿಚಯ

ಔಷಧದ ಕಾರ್ಖಾನೆಗಳಲ್ಲಿ ಹೆಚ್ಚಾಗಿ ಕಾಣುವುದು ವೈಬ್ರೋ ಸಿಫ್ಟರ್ ಎಂದು ಕರೆಯಲ್ಪಡುವ ದುಂಡನೆಯ ಕಂಪಕ ಜರಡಿ. ಇದರ ತಳದಲ್ಲಿ ನೆಟ್ಟಗೆ ನಿಲ್ಲಿಸಿದ ವಿದ್ಯುತ್ ಮೋಟಾರೊಂದು ಸ್ಪ್ರಿಂಗುಗಳ ಮೇಲೆ ಕುಳಿತಿರುತ್ತದೆ. ಮೋಟಾರಿನ ದಂಡದ ಮೇಲುತುದಿಗೂ ಕೆಳತುದಿಗೂ ಒಂದು ಪಕ್ಕಕ್ಕೆ ಜರುಗಿಸಿ ಕೂರಿಸಿದ ಭಾರಗಳಿರುತ್ತವೆ. ದಂಡವು ತಿರುಗುವಾಗ ಮೇಲಿನ ಭಾರವು ಜರಡಿಯನ್ನು ಅಡ್ಡಡ್ಡಲಾಗಿ ಆಡಿಸುತ್ತದೆ. ಕೆಳಗಿನ ಭಾರವು ಅದನ್ನು ಓಲಾಡಿಸಿ ಕಣಗಳನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಈ ಎರಡು ಭಾರಗಳ ನಡುವಣ ಕೋನವನ್ನು ಬದಲಾಯಿಸಿ ಕಣಗಳ ದಾರಿಯನ್ನೇ ಬದಲಾಯಿಸಬಹುದು. ಕೋನವು ಸೊನ್ನೆಯಾಗಿದ್ದರೆ ಕಣಗಳು ನಡುವಿನಿಂದ ಅಂಚಿಗೆ ನೇರವಾಗಿ ಓಡಿಹೋಗುವುವು. ಸುಮಾರು 35 ಡಿಗ್ರಿಯಾದರೆ ಸುರುಳಿಯಾಗಿ ಸುತ್ತುತ್ತ ಹೋಗಿ, ಜರಡಿಯ ಮೇಲೆ ಹೆಚ್ಚು ಹೊತ್ತು ಉಳಿಯುವುವು. 90 ಡಿಗ್ರಿಯಾದರೆ ನಡುವಿನ ಕಡೆಗೇ ಹಿಂದಿರುಗುವುವು.

ಈ ಯಂತ್ರದ ಬಲವನ್ನು ಅಳೆಯೋಣ. ಮೋಟಾರು ನಿಮಿಷಕ್ಕೆ 1440 ಸುತ್ತು, ಎಂದರೆ ಸೆಕೆಂಡಿಗೆ 24 ಸುತ್ತು ತಿರುಗುತ್ತದೆಯೆಂದೂ, ಜರಡಿಯು ತನ್ನ ಮಧ್ಯಸ್ಥಾನದಿಂದ 2 ಮಿ.ಮೀ. ಅತ್ತಿತ್ತ ಸರಿಯುತ್ತದೆಯೆಂದೂ ಇಟ್ಟುಕೊಂಡರೆ, ಅದರ ಗರಿಷ್ಠ ವೇಗೋತ್ಕರ್ಷವು 4π² × 24² × 0.002, ಎಂದರೆ ಸೆಕೆಂಡಿನ ವರ್ಗಕ್ಕೆ ಸುಮಾರು 45 ಮೀಟರ್. ಇದು ಭೂಮಿಯ ಗುರುತ್ವದ ನಾಲ್ಕೂವರೆ ಮಡಿಗೂ ಹೆಚ್ಚು. ಗಟ್ಟಿಯಾದ ಹರಳುಗಳು ಇದನ್ನು ತಾಳುವುವು. ಮೆದುವಾದವು ಒಂದಕ್ಕೊಂದು ಉಜ್ಜಿ ಪುಡಿಯಾಗುವುವು. ಹಾಗಾದರೆ ಪುಡಿಯನ್ನು ತೆಗೆಯಬೇಕಾದ ಯಂತ್ರವೇ ಪುಡಿಯನ್ನು ಹುಟ್ಟಿಸಿದಂತಾಯಿತು.

ಇಂಥ ಮೆದುವಾದ ಹರಳುಗಳಿಗೆ ನಿಧಾನವಾಗಿ ವೃತ್ತಾಕಾರದಲ್ಲಿ ಆಡುವ ಜರಡಿಯು ಉತ್ತಮ. ನಿಮಿಷಕ್ಕೆ 240 ಸುತ್ತು, ಸುತ್ತಿನ ತ್ರಿಜ್ಯ 30 ಮಿ.ಮೀ. ಎಂದಿಟ್ಟುಕೊಂಡರೆ ವೇಗೋತ್ಕರ್ಷವು ಸುಮಾರು 19 ಮಾತ್ರ, ಗುರುತ್ವದ ಎರಡು ಮಡಿಯಷ್ಟು. ಒಂದರಿಯನ್ನು ಎರಡು ಕೈಗಳಿಂದ ಹಿಡಿದು ಮೆಲ್ಲನೆ ಸುತ್ತಿಸುವ ಗೃಹಿಣಿಯ ಚಲನೆಯೇ ಇದರ ಮಾದರಿ. ಇದು ಹರಳನ್ನು ನೋಯಿಸದು, ಕಣ್ಣಿಗೆ ಸಮೀಪದ ಕಣಗಳನ್ನು ನಿಖರವಾಗಿ ವಿಂಗಡಿಸುತ್ತದೆ. ಆದರೆ ಬೆಲೆ ಹೆಚ್ಚು, ಸ್ಥಳವೂ ಹೆಚ್ಚು ಬೇಕು.

ಮೂರನೆಯದು ಕೇಂದ್ರಾಪಗಾಮಿ ಜರಡಿ. ಇಲ್ಲಿ ಜರಡಿಯು ಅಡ್ಡಲಾಗಿ ಮಲಗಿದ ಕೊಳವೆಯಂತಿದ್ದು, ಒಳಗೆ ತಿರುಗುವ ಅಲಗುಗಳು ಪುಡಿಯನ್ನು ಅದರ ಮೇಲೆ ಎರಚುತ್ತವೆ. ಗಂಟುಕಟ್ಟುವ, ಅಂಟುವ ಸ್ವಭಾವದ ಪಿಷ್ಟದಂಥ ಕಚ್ಚಾವಸ್ತುಗಳಿಗೆ ಇದು ಯೋಗ್ಯ. ಕಾಪಾಡಿಕೊಳ್ಳಬೇಕಾದ ಹರಳುಗಳಿಗೆ ಸರ್ವಥಾ ಯೋಗ್ಯವಲ್ಲ.

ನಾಲ್ಕನೆಯ ವರ್ಗದ ಯಂತ್ರಗಳನ್ನು ಜರಡಿಯೆನ್ನುವುದಕ್ಕಿಂತ ಜರಡಿಯುಳ್ಳ ಗಿರಣಿಗಳೆನ್ನಬಹುದು. ಅತ್ತಿತ್ತ ತಿರುಗುವ ಸರಳುಗಳಿಂದ ಮುದ್ದೆಯನ್ನು ಜಾಲರಿಯ ಮೂಲಕ ಒತ್ತುವ ಯಂತ್ರ, ಶಂಕುವಿನ ಆಕಾರದ ತೂತುಗಳ ತಗಡಿನೊಳಗೆ ತಿರುಗುವ ಗಿರಣಿ ಇವು ಈ ಜಾತಿಗೆ ಸೇರಿದುವು. ಹಸಿಯ ಮುದ್ದೆಗೆ ರೂಪ ಕೊಡುವುದೂ ಒಣಗಿದ ದಪ್ಪ ಹೆಂಟೆಗಳನ್ನು ಒಡೆಯುವುದೂ ಇವುಗಳ ಕೆಲಸ. ಹಸಿಯ ಮುದ್ದೆಯನ್ನು ಕಂಪಕ ಜರಡಿಯ ಮೇಲೆ ಹಾಕಿದರೆ ಅದು ಕಣ್ಣುಗಳನ್ನೆಲ್ಲ ಮೆತ್ತಿ ಮುಚ್ಚಿಬಿಡುವುದೇ ಹೊರತು ಹರಳಾಗದು.

ಆಯ್ಕೆಯ ಒಂದು ಉದಾಹರಣೆ

ಈಗ ನಾವೇ ಕಾರ್ಖಾನೆಯವರೆಂದು ಭಾವಿಸಿ, 300 ಕಿ.ಗ್ರಾಂ ಒಣಗಿದ ಹರಳನ್ನು ವಿಂಗಡಿಸಲು ಜರಡಿಯೊಂದನ್ನು ಆರಿಸೋಣ. ಹರಳು ಸಾಕಷ್ಟು ಗಟ್ಟಿಯಾಗಿದೆ. ಆದ್ದರಿಂದ ಕಂಪಕ ಜರಡಿಯು ಸಲ್ಲುವುದು. ನಮಗೆ ಮೂರು ಭಾಗಗಳು ಬೇಕಾಗಿವೆ. ಆದ್ದರಿಂದ ಎರಡು ಅಂತಸ್ತುಗಳು ಬೇಕು. ಮೇಲೆ 0.85 ಮಿ.ಮೀ. ಕಣ್ಣಿನ ಜರಡಿ, ಕೆಳಗೆ 0.25 ಮಿ.ಮೀ. ಕಣ್ಣಿನ ಜರಡಿ. ಮೇಲೆ ನಿಂತುದು ಗಿರಣಿಗೆ ಹಿಂದಿರುಗುವುದು. ನಡುವೆ ನಿಂತುದು ನಮಗೆ ಬೇಕಾದ ಹರಳು. ತಳಕ್ಕೆ ಇಳಿದುದು ನಯಪುಡಿ. ನಯಪುಡಿಯನ್ನು ಪೂರ್ತಿಯಾಗಿ ತೆಗೆದುಬಿಡಬೇಕೆಂದೇನೂ ಇಲ್ಲ. ಸ್ವಲ್ಪ ಪುಡಿಯು ಹರಳುಗಳ ಸಂದುಗಳನ್ನು ತುಂಬಿ ಮಾತ್ರೆಗೆ ಗಟ್ಟಿತನವನ್ನು ಕೊಡುತ್ತದೆ. ಅದರ ಪ್ರಮಾಣವು ದಿನದಿನಕ್ಕೆ ಬದಲಾಗದಂತೆ ನೋಡಿಕೊಳ್ಳುವುದೇ ಮುಖ್ಯ.

ಗಾತ್ರವನ್ನು ನಿರ್ಧರಿಸಲು ಪ್ರಯೋಗವೇ ಪ್ರಮಾಣ. 20 ಅಂಗುಲ ವ್ಯಾಸದ ಚಿಕ್ಕ ಜರಡಿಯಲ್ಲಿ ನಮ್ಮ ಹರಳನ್ನೇ ಹಾಕಿ ನೋಡಿದಾಗ 10 ನಿಮಿಷದಲ್ಲಿ 40 ಕಿ.ಗ್ರಾಂ ತೃಪ್ತಿಕರವಾಗಿ ವಿಂಗಡವಾಯಿತೆಂದು ಇಟ್ಟುಕೊಳ್ಳೋಣ. ಇದು ಗಂಟೆಗೆ 240 ಕಿ.ಗ್ರಾಂ. ಜರಡಿಯ ಸಾಮರ್ಥ್ಯವು ಸ್ಥೂಲವಾಗಿ ಅದರ ಕ್ಷೇತ್ರಫಲವನ್ನು ಅನುಸರಿಸುತ್ತದೆ. 30 ಅಂಗುಲದ ಜರಡಿಯ ಕ್ಷೇತ್ರಫಲವು 20 ಅಂಗುಲದ್ದಕ್ಕಿಂತ (30 ÷ 20)ರ ವರ್ಗ, ಎಂದರೆ 2.25 ಮಡಿ. ಆದ್ದರಿಂದ ಅದು ಗಂಟೆಗೆ 540 ಕಿ.ಗ್ರಾಂ ಜಾಲಿಸಬಲ್ಲದು, 300 ಕಿ.ಗ್ರಾಂಗೆ ಸುಮಾರು 33 ನಿಮಿಷ ಸಾಕು. ಚಿಕ್ಕ ಜರಡಿಯ ಮೇಲೆಯೇ ಎರಡು ಮಡಿ ಸುರಿದು ಕೆಲಸವನ್ನು ಬೇಗ ಮುಗಿಸೋಣವೆಂದರೆ ಆಗದು. ಪದರವು ದಪ್ಪವಾದಷ್ಟೂ ಮೇಲಿನ ಚಿಕ್ಕ ಕಣಗಳು ಜಾಲರಿಯನ್ನು ತಲುಪುವುದಕ್ಕೆ ಮುಂಚೆಯೇ ಅಂಚನ್ನು ಸೇರಿ ದೊಡ್ಡವುಗಳೊಡನೆ ಹೊರಬೀಳುವುವು.

ಜರಡಿಯು ಚೆನ್ನಾಗಿ ಕೆಲಸಮಾಡಿತೇ ಎಂಬುದನ್ನು ಅಂಕಿಗಳಿಂದಲೇ ತಿಳಿಯಬೇಕು. 100 ಕಿ.ಗ್ರಾಂ ಹರಳಿನಲ್ಲಿ 20 ಕಿ.ಗ್ರಾಂ ನಯಪುಡಿಯಿದ್ದು, ಅದರಲ್ಲಿ 17 ಕಿ.ಗ್ರಾಂ ಕೆಳಗಿಳಿದರೆ ಜರಡಿಯ ದಕ್ಷತೆಯು ನೂರಕ್ಕೆ 85. ಉಳಿದ 3 ಕಿ.ಗ್ರಾಂ ಹರಳುಗಳೊಡನೆಯೇ ಹೋಯಿತು.

ಜರಡಿಯ ರೋಗಗಳು

ಕಣ್ಣಿನಷ್ಟೇ ಗಾತ್ರದ ಕಣಗಳು ಕಣ್ಣುಗಳಲ್ಲಿ ಸಿಕ್ಕಿಕೊಳ್ಳುವುದೂ, ತೇವದಿಂದಲೋ ವಿದ್ಯುದಾವೇಶದಿಂದಲೋ ನಯಪುಡಿಯು ತಂತಿಗಳಿಗೆ ಅಂಟಿಕೊಳ್ಳುವುದೂ ಜರಡಿಗೆ ಬರುವ ಸಾಮಾನ್ಯ ರೋಗಗಳು. ಮೊದಲನೆಯದಕ್ಕೆ ಜಾಲರಿಯ ಕೆಳಗೆ ರಬ್ಬರಿನ ಚೆಂಡುಗಳನ್ನು ಕುಣಿಯಬಿಡುವುದು ಹಳೆಯ ಉಪಾಯ. ಅತಿ ಸೂಕ್ಷ್ಮವಾದ ಜಾಲರಿಗಳಿಗೆ ಸೆಕೆಂಡಿಗೆ 35,000ದಷ್ಟು ಕಂಪನಗಳುಳ್ಳ ಶ್ರವಣಾತೀತ ತರಂಗಗಳನ್ನು ಕೊಡುವುದು ಹೊಸ ಉಪಾಯ. ಆದರೆ ಚೆಂಡುಗಳು ಸವೆದು ರಬ್ಬರಿನ ಚೂರುಗಳು ಔಷಧಕ್ಕೆ ಬೀಳಬಹುದು. ಆದ್ದರಿಂದ ಪ್ರತಿ ಸಲವೂ ಅವುಗಳನ್ನು ಎಣಿಸಿ ಪರೀಕ್ಷಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಉಪ್ಪು ಬೆವರುವುದನ್ನು ಕಂಡವರಿಗೆ, ಜರಡಿಯ ಕೊಠಡಿಯ ಗಾಳಿಯ ತೇವವನ್ನು ಏಕೆ ಹತೋಟಿಯಲ್ಲಿಡುವರೆಂಬುದನ್ನು ವಿವರಿಸಬೇಕಾಗಿಲ್ಲ. ವಿದ್ಯುದಾವೇಶವು ಸೇರದಂತೆ ಯಂತ್ರವನ್ನು ಭೂಮಿಗೆ ತಂತಿಯ ಮೂಲಕ ಜೋಡಿಸಲೇಬೇಕು. ಪಿಷ್ಟದಂಥ ಒಣ ಪುಡಿಯು ಗಾಳಿಯಲ್ಲಿ ತುಂಬಿರುವಾಗ ಕಿಡಿಯೊಂದು ಸ್ಫೋಟಕ್ಕೆ ಕಾರಣವಾದೀತು.

ಇವೆಲ್ಲಕ್ಕಿಂತ ಘೋರವಾದುದು ಹರಿದ ಜಾಲರಿ. ಒಂದೇ ಕಡೆ ಹರಿದರೂ ದೊಡ್ಡ ಕಣಗಳು ನಿರಾತಂಕವಾಗಿ ಇಳಿಯುವುವು. ಅದಕ್ಕೂ ಮಿಗಿಲಾಗಿ ತಂತಿಯ ತುಂಡು ಔಷಧದಲ್ಲಿ ಬೆರೆಯುವುದು. ಅಯಸ್ಕಾಂತವನ್ನಿಟ್ಟರೆ ಆ ತುಂಡು ಸಿಕ್ಕೀತೆಂದು ಹಲವರು ಭಾವಿಸುವರು. ಆದರೆ ಔಷಧವನ್ನು ಮುಟ್ಟುವ ಭಾಗಗಳಿಗೆ ಬಳಸುವ 316 ದರ್ಜೆಯ ತುಕ್ಕುಹಿಡಿಯದ ಉಕ್ಕು ಅಯಸ್ಕಾಂತಕ್ಕೆ ಬಹುಮಟ್ಟಿಗೆ ಒಲಿಯದು. ಆದಕಾರಣ ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡುವುದೂ, ನೋಡಿದುದನ್ನು ಬರೆದಿಡುವುದೂ, ಮಾತ್ರೆಗಳನ್ನು ಲೋಹಶೋಧಕದ ಮೂಲಕ ಹಾಯಿಸುವುದೂ ರೂಢಿಯಲ್ಲಿವೆ. ಕೊನೆಯಲ್ಲಿ ಜಾಲರಿ ಹರಿದುದು ಕಂಡರೆ, ಅಂದು ಜಾಲಿಸಿದ ಹರಳೆಲ್ಲವನ್ನೂ ತಡೆಹಿಡಿದು ವಿಚಾರಿಸಬೇಕು.

ಶುಚಿತ್ವವೂ ಆಯ್ಕೆಯ ಒಂದು ಅಂಗವೇ. ನಿನ್ನೆ ಜಾಲಿಸಿದ ಔಷಧವು ಇಂದಿನದಕ್ಕೆ ಬೆರೆತರೆ, ಅದು ಒಗ್ಗದ ರೋಗಿಗೆ ಪ್ರಾಣಾಪಾಯವಾಗಬಹುದು. ಆದ್ದರಿಂದ ಜರಡಿಯು ಸಲಕರಣೆಗಳಿಲ್ಲದೆ ಬೇಗನೆ ಬಿಚ್ಚುವಂತಿರಬೇಕು, ಬೆಸುಗೆಗಳು ನುಣುಪಾಗಿರಬೇಕು, ಪುಡಿಯು ಅವಿತುಕೊಳ್ಳುವ ಸಂದುಗಳಿರಬಾರದು. 1940ರ ಔಷಧ ಮತ್ತು ಸೌಂದರ್ಯವರ್ಧಕ ಶಾಸನದ ಅಡಿಯಲ್ಲಿ ಬರುವ ನಿಯಮಗಳ ಎಂ ಅನುಸೂಚಿಯು ನಮ್ಮ ದೇಶದ ಔಷಧ ಕಾರ್ಖಾನೆಗಳಿಗೆಲ್ಲ ಉತ್ತಮ ತಯಾರಿಕೆಯ ಕ್ರಮಗಳನ್ನು ವಿಧಿಸಿದೆ. ಬೆಂಗಳೂರಿನ ಪೀಣ್ಯದಲ್ಲಿ, 1981ರಲ್ಲಿ ಸ್ಥಾಪಿತವಾದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯಂಥ ಸರ್ಕಾರಿ ಉದ್ಯಮಕ್ಕೂ ಖಾಸಗಿಯವರಿಗೂ ಈ ನಿಯಮಗಳು ಒಂದೇ.

ಜರಡಿಯಾದ ಮೇಲಿನ ಎಚ್ಚರಿಕೆ

ಜರಡಿಯು ಒಳ್ಳೆಯದಾದರೂ ಕೆಲಸ ಕೆಡಬಹುದಾದ ಎಡೆಯೊಂದಿದೆ. ವಿಂಗಡಿಸಿ ಹದವಾಗಿ ಬೆರಸಿದ ಹರಳನ್ನು ಎತ್ತರದಿಂದ ಪಾತ್ರೆಗೆ ಸುರಿದರೆ ಅದು ರಾಶಿಯಾಗುವುದು. ಆಗ ದಪ್ಪ ಹರಳುಗಳು ಇಳಿಜಾರಿನಲ್ಲಿ ಉರುಳಿ ಅಂಚಿಗೆ ಹೋಗುವುವು. ನಯವಾದವು ನಡುವೆ ಉಳಿಯುವುವು. ಕಣದಲ್ಲಿ ಬತ್ತವನ್ನು ರಾಶಿ ಹಾಕುವವರು ಇಂಥದನ್ನು ನೋಡಿಯೇ ಇರುವರು. ಪಾತ್ರೆಯನ್ನು ಗಾಡಿಯ ಮೇಲೆ ಅಲುಗಾಡಿಸುತ್ತ ಒಯ್ದರೆ ಚಿಕ್ಕ ಕಣಗಳು ಸಂದುಗಳ ಮೂಲಕ ತಳಕ್ಕೆ ಇಳಿಯುವುವು. ಕಾರ್ಖಾನೆಯ ಒಂದು ದಿನದ ಮಾತ್ರೆಗಳಲ್ಲಿ ಮೊದಲಿನವು ಭಾರವಾಗಿಯೂ ಕೊನೆಯವು ಹಗುರವಾಗಿಯೂ ಬರುವುದಕ್ಕೆ ಇಷ್ಟು ಸಾಕು. ಆದ್ದರಿಂದ ಬೀಳುವ ಎತ್ತರವನ್ನು ಕಡಮೆಮಾಡಿ, ಜರಡಿಯಿಂದ ಯಂತ್ರದವರೆಗಿನ ದಾರಿಯನ್ನೂ ಆಯ್ಕೆಯ ಕಾಲದಲ್ಲಿಯೇ ಯೋಚಿಸಬೇಕು.

ವಿದ್ಯಾರ್ಥಿಗಳಿಗೆ ಎರಡು ಪ್ರಯೋಗಗಳು

ಇಲ್ಲಿ ಹೇಳಿದ ತತ್ತ್ವಗಳನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. 200 ಗ್ರಾಂ ದಪ್ಪ ರವೆಗೆ 50 ಗ್ರಾಂ ಅಕ್ಕಿಹಿಟ್ಟನ್ನು ಬೆರಸಿ, ಹಿಟ್ಟನ್ನು ಮಾತ್ರ ಇಳಿಸುವ ಸಣ್ಣ ಕಣ್ಣಿನ ಜರಡಿಯಲ್ಲಿ ಹಾಕಿ, ಒಂದೇ ವೇಗದಲ್ಲಿ ಆಡಿಸಿರಿ. ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಕೆಳಗೆ ಇಳಿದ ಹಿಟ್ಟನ್ನು ತೂಗಿ, ಕಾಲಕ್ಕೂ ತೂಕಕ್ಕೂ ನಕ್ಷೆಯೊಂದನ್ನು ಬರೆಯಿರಿ. ಗೆರೆಯು ಮೊದಲು ಬೇಗ ಏರಿ ಬರಬರುತ್ತ ಬಾಗುವುದು. ಏಕೆ ಹೀಗಾಗುವುದೆಂಬುದಕ್ಕೆ ಮೇಲಿನ ಸಂಭವದ ಲೆಕ್ಕದಲ್ಲಿ ಉತ್ತರವಿದೆ. ಮಿಶ್ರಣವನ್ನು ಎರಡು ಮಡಿ ಮಾಡಿ ಪ್ರಯೋಗವನ್ನು ಪುನಃ ನಡೆಸಿದರೆ ಪದರದ ದಪ್ಪದ ಪ್ರಭಾವವು ತಿಳಿಯುವುದು. ಎರಡನೆಯದಾಗಿ, ಗಾಜಿನ ಸೀಸೆಯೊಂದರಲ್ಲಿ ಕಡಲೆಯನ್ನೂ ಸಾಸಿವೆಯನ್ನೂ ಚೆನ್ನಾಗಿ ಬೆರಸಿ ಹಾಕಿ, ಮೆಲ್ಲಗೆ ನೂರು ಸಲ ಕುಟ್ಟಿರಿ. ಬೆರೆತುದು ಬೇರೆಯಾಗುವುದನ್ನು ಕಣ್ಣಾರೆ ಕಾಣುವಿರಿ.

ಜರಡಿಯನ್ನು ಆರಿಸುವವನು ಕೇಳಬೇಕಾದ ಪ್ರಶ್ನೆಗಳನ್ನು ಹೀಗೆ ಸಂಗ್ರಹಿಸಬಹುದು: ಯಾವ ಕೆಲಸಕ್ಕೆ? ಹರಳು ಗಟ್ಟಿಯೋ ಮೆದುವೋ, ಒಣಗಿದುದೋ ಅಂಟುವುದೋ? ಎಷ್ಟು ಭಾಗಗಳು ಬೇಕು? ಕಣ್ಣೆಷ್ಟು, ತಂತಿಯೆಷ್ಟು? ಗಂಟೆಗೆ ಎಷ್ಟು ತೂಕ? ತೊಳೆಯುವುದು ಸುಲಭವೇ? ಹರಿದರೆ ತಿಳಿಯುವುದು ಹೇಗೆ? ಬೆಲೆಯ ಪ್ರಶ್ನೆಯು ಇವುಗಳ ಅನಂತರ ಬರಬೇಕು. ಜರಡಿಯನ್ನು ಕೊಳ್ಳುವವನು ಮಾತ್ರೆಯನ್ನು ನುಂಗುವವನನ್ನು ಎಂದೂ ಕಾಣುವುದಿಲ್ಲ. ಉಳವಿಯ ಆರೋಗ್ಯ ಕೇಂದ್ರದ ಮುಂದೆ ಜ್ವರದಿಂದ ಕುಳಿತಿರುವ ಕೃಷಿಕನಿಗೂ ಜರಡಿಯ ಕಣ್ಣಿನ ಅಳತೆಯು ತಿಳಿದಿರುವುದಿಲ್ಲ, ತಿಳಿದಿರಬೇಕಾಗಿಯೂ ಇಲ್ಲ. ಅವನ ಪರವಾಗಿ ಅದನ್ನು ಅಳೆದು ನೋಡುವುದು ಕಾರ್ಖಾನೆಯ ರಸಾಯನಜ್ಞರ, ಯಂತ್ರಶಿಲ್ಪಿಗಳ ಕರ್ತವ್ಯ. ನಮ್ಮ ಓದುಗರಲ್ಲಿ ಕೆಲವರು ಮುಂದೆ ಆ ಕರ್ತವ್ಯವನ್ನು ವಹಿಸಿಕೊಳ್ಳುವವರೇ ಆಗಿರುವರು.